ಅಳುವ ಕೆಲಸ ಹೆಲ್ಮ್ಸ್‌ನದು: ಜಾನಿ ಕ್ಯಾಶ್‌ನ ಒಂದು ಹಳೇ ಎಲ್‌ಪಿ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಜಾನಿ ಕ್ಯಾಶ್ ಅಂದರೆ ಅಮೆರಿಕದ ಹಳ್ಳಿ ಕಡೆಯ ‘ಕಂಟ್ರಿ’ ಹಾಡು ಹಾಡುತ್ತಿದ್ದವನು. ಅವನ ಈ ರೆಕಾರ್ಡಿಗೆ ನಾನು ಕೊಟ್ಟಿದ್ದು 1,400 ರೂಪಾಯಿ. ಮಾರುವವನು ಕೇಳಿದ್ದು 2,000. ಕವರ್ ನೋಡಿದರೆ 200ಕ್ಕೂ ಯಾರೂ ಮೂಸಿ ನೋಡುವುದಿಲ್ಲ. ಒಂದು ಮೂಲೆ ಇಲಿ ತಿಂದಿದೆ. ಹಿಂದುಗಡೆ ಯಾರೋ ಬಾಲ್‌ಪೆನ್ನಿನಲ್ಲಿ ಹಾಲಿನ ಲೆಕ್ಕ ಬರೆದಿದ್ದಾರೆ. ಹದಿನೇಳನೇ ತಾರೀಖು ಹಾಲು ಬಂದಿಲ್ಲ. “ಮಿಂಟ್ ಪೀಸ್ ಸಾರ್, ಒಂದು ಗೀರಿಲ್ಲ” ಅಂತ ಆ ಮನುಷ್ಯ ಆಣೆ ಇಟ್ಟ. ಗೀರು ಇತ್ತು. ಅದರ ಕಥೆ ಆಮೇಲೆ.

ಸಿಕ್ಕಿದ್ದು ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ, ಬೆಳಗ್ಗೆ ಏಳು ಗಂಟೆಗೆ. ಟಾರ್ಪಾಲಿನ ಮೇಲೆ ಮಿಕ್ಸಿ ಜಾರು, ಹಳೇ ಮೊಬೈಲ್ ಚಾರ್ಜರ್, ಒಂಟಿ ಶೂ, ಅದರ ಪಕ್ಕದಲ್ಲಿ ಮೂವತ್ತು ನಲವತ್ತು ರೆಕಾರ್ಡು. ಇಂಥ ಗುಡ್ಡೆಯಲ್ಲಿ ಏನಿರುತ್ತೆ ಅಂತ ನನಗೆ ಬಾಯಿಪಾಠ. ಸುನಿಲ್ ಗಂಗೂಲಿ ಗಿಟಾರಿನಲ್ಲಿ ನುಡಿಸಿದ ಹಿಂದಿ ಸಿನಿಮಾ ಹಾಡುಗಳು, ಒಂದೆರಡು ಸುಪ್ರಭಾತ, ಅಮೆರಿಕದ ಮೆತ್ತನೆ ದನಿಯ ಹಾಡುಗಾರ ಜಿಮ್ ರೀವ್ಸ್. ನಮ್ಮೂರಿನ ಕಂಟೋನ್ಮೆಂಟ್ ಕಡೆಯ ಯಾವ ಮನೆ ಖಾಲಿಯಾದರೂ ಜಿಮ್ ರೀವ್ಸ್ ಹೊರಗೆ ಬಂದೇ ಬರುತ್ತಾನೆ. ಆ ದಿನ ಅವನ ಬೆನ್ನಿಗೆ ಅಂಟಿಕೊಂಡು ಜಾನಿ ಕ್ಯಾಶ್ ಇದ್ದ. ರೆಕಾರ್ಡಿನ ಹೆಸರು ‘ನೌ, ದೇರ್ ವಾಸ್ ಎ ಸಾಂಗ್!’ ಕೊಲಂಬಿಯಾ ಕಂಪನಿಯದು, 1960ರದು, ಮೋನೋ, ಅಂದರೆ ಎರಡು ಸ್ಪೀಕರಿನಲ್ಲೂ ಒಂದೇ ಸದ್ದು. ಲೇಬಲ್ ಮೇಲೆ ಆ ಕಡೆ ಮೂರು, ಈ ಕಡೆ ಮೂರು, ಒಟ್ಟು ಆರು ಕಣ್ಣಿನ ಗುರುತು. ಹಳೇ ಕೊಲಂಬಿಯಾ ರೆಕಾರ್ಡು ಅಂತ ಗುರುತು ಹಿಡಿಯೋದು ಹೀಗೇ.

ನನ್ನ ಕೈ ನಡುಗಿತು ಅಂದರೆ ಸುಳ್ಳಲ್ಲ. ಇಪ್ಪತ್ತು ವರ್ಷದಿಂದ ಇದನ್ನು ಹುಡುಕುತ್ತಿದ್ದೆ. ಕೈ ನಡುಗಿದ್ದನ್ನು ಮಾರುವವನೂ ನೋಡಿದ, ಅದಕ್ಕೇ 1,400.

ನಾನು ಆಂಪ್ಲಿಫಯರ್, ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವವನು. ಎಸ್‌ಪಿ ರೋಡಿನ ಹಿಂದಿನ ಗಲ್ಲಿಯಲ್ಲಿ ಎಂಟಡಿ ಅಗಲದ ಅಂಗಡಿ. ಕ್ಯಾಶ್‌ನನ್ನು ನನಗೆ ಪರಿಚಯ ಮಾಡಿಸಿದ್ದು ಕಾಕ್ಸ್ ಟೌನಿನ ಒಬ್ಬ ಗಿರಾಕಿ. ವಯಸ್ಸಾದ ಆಂಗ್ಲೋ ಇಂಡಿಯನ್ ದೊಡ್ಡ ಮನುಷ್ಯ, ಈಗಿಲ್ಲ. ಅವರ ಗ್ಯಾರಾರ್ಡ್ ಪ್ಲೇಯರಿಗೆ ಬೆಲ್ಟ್ ಹಾಕು ಅಂತ ತಂದಿದ್ದರು. ಅದರಲ್ಲಿ ಬೆಲ್ಟೇ ಇರಲಿಲ್ಲ, ತಟ್ಟೆ ತಿರುಗಿಸುವ ಐಡ್ಲರ್ ಚಕ್ರ ಸವೆದಿತ್ತು. ಸರಿ ಮಾಡಿ ಕೊಟ್ಟಾಗ ಪರೀಕ್ಷೆಗೆ ಅಂತ ಚೀಲದಿಂದ ಫೋಲ್ಸಂ ಜೈಲಿನ ರೆಕಾರ್ಡ್ ತೆಗೆದರು. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಜೈಲಿನೊಳಗೆ, ಕೈದಿಗಳ ಮುಂದೆ ಹಾಡಿದ್ದು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಆದರೂ ಆ ಗಂಟಲು ಕೇಳಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಒಂದು ಪಕ್ಕ ಮುಗಿದ ಮೇಲೆ ಅವರನ್ನು ಕೇಳಿದೆ, “ಸಾರ್, ಇದು ಕಂಟ್ರಿ ಅಲ್ವಾ? ಆ ಜಾರೋ ಗಿಟಾರ್ ಎಲ್ಲಿ?” ಅವರು ನಕ್ಕುಬಿಟ್ಟರು. ಕ್ಯಾಶ್ ಹತ್ತಿರ ಅದು ಇರಲ್ಲ, ಬೇಕು ಅಂದ್ರೆ 1960ರ ಒಂದು ಎಲ್‌ಪಿ ಇದೆ, ಹುಡುಕು ಅಂದರು. ಅವರ ಹತ್ತಿರವೂ ಇರಲಿಲ್ಲ.

ಆ ಪ್ರಶ್ನೆ ನನ್ನ ಬಾಯಿಗೆ ಬರೋದಕ್ಕೆ ಕಾರಣ ನನ್ನ ಸೋದರಮಾವ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮಾವ ಒಂದು ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ರಾಜ್ಯೋತ್ಸವ. ಹನ್ನೆರಡು ವರ್ಷದ ನಾನು ಅವರ ಆಂಪ್ಲಿಫಯರ್ ಹೊರುವ ಕೂಲಿ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಲಗೈ ಬೆರಳಿಗೆ ಪಿಕ್ ಹಾಕಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸೋರು. ಆ ಉಕ್ಕಿನ ತುಂಡನ್ನು ಕಲಾಸಿಪಾಳ್ಯದ ಹತ್ತಿರ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಈಗಲೂ ಅವರ ದೇವರ ಮನೆಯಲ್ಲಿದೆ, ಕುಂಕುಮದ ಬಟ್ಟಲ ಪಕ್ಕ.

ಸ್ಟೀಲ್ ಗಿಟಾರ್ ಅಂದರೆ ಆ ತುಂಡಿನಿಂದ ಬಂದ ಹೆಸರು. ಗಿಟಾರ್ ಸ್ಟೀಲಿನದು ಅಂತಲ್ಲ. ನನ್ನವಳು ಈ ರೆಕಾರ್ಡಿನ ಸುದ್ದಿ ಕೇಳಿದಾಗ “ಏನ್ರೀ, ಪಾತ್ರೆ ಅಂಗಡಿಯೋರು ಮಾಡಿದ್ದಾ?” ಅಂದಳು. ಕಥೆ ಇಷ್ಟೇ: ಹತ್ತೊಂಬತ್ತನೇ ಶತಮಾನದ ಕೊನೆಗೆ ಹವಾಯಿ ದ್ವೀಪದಲ್ಲಿ ಜೋಸೆಫ್ ಕೆಕುಕು ಅನ್ನೋ ಹುಡುಗ ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸೋದನ್ನು ರೂಢಿಗೆ ತಂದ. ಅಲ್ಲಿಂದ ಅದು ಅಮೆರಿಕಕ್ಕೆ ಹೋಗಿ ಕಂಟ್ರಿ ಹಾಡಿನ ಅಳುವ ದನಿ ಆಯಿತು. ಈ ಕಡೆ 1940ರ ದಶಕದಲ್ಲಿ ಟೌ ಮೋ ಅನ್ನೋ ಹವಾಯಿ ಕಲಾವಿದ ಕುಟುಂಬದ ಜೊತೆ ಕೋಲ್ಕತ್ತದಲ್ಲಿ ಕೆಲವು ವರ್ಷ ಇದ್ದ. ಆ ಊರಿಂದ ಅದು ನಮ್ಮ ಸಿನಿಮಾ ಹಾಡಿಗೂ ಬಂತು, ಹಾಗೇ ಮಾವನ ತೊಡೆಗೂ ಬಂತು. ಗೋಟುವಾದ್ಯ ಕೇಳಿದವರಿಗೆ ಇದೇನೂ ಹೊಸದಲ್ಲ. ಮೆಟ್ಟಿಲಿಲ್ಲದ ಜಾರುಬಂಡೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯೂ ಕೇಳಿಸುತ್ತೆ.

ಈಗ ಕ್ಯಾಶ್ ವಿಷಯ. ಅವನ ಹತ್ತಿರ ಸ್ಟೀಲ್ ಯಾಕಿಲ್ಲ ಅನ್ನೋದಕ್ಕೆ ಒಂದು ತಮಾಷೆಯ ಶುರು ಇದೆ. ಮೆಂಫಿಸ್ ಊರಿನಲ್ಲಿ ಕ್ಯಾಶ್ ಮನೆಮನೆಗೆ ಹೋಗಿ ಫ್ರಿಜ್ಜು ಗಿಜ್ಜು ಮಾರುತ್ತಿದ್ದ ಕಾಲ. ಜೊತೆಗೆ ಮೂರು ಜನ ಮೆಕ್ಯಾನಿಕ್ಕುಗಳು: ಲೂಥರ್ ಪರ್ಕಿನ್ಸ್, ಮಾರ್ಷಲ್ ಗ್ರಾಂಟ್, ರೆಡ್ ಕರ್ನೋಡಲ್. ಲೂಥರ್ ಎಲೆಕ್ಟ್ರಿಕ್ ಗಿಟಾರ್, ಮಾರ್ಷಲ್ ಬಾಸ್, ಕರ್ನೋಡಲ್ ಸ್ಟೀಲ್. ಸನ್ ರೆಕಾರ್ಡ್ಸ್ ಕಂಪನಿಯ ಯಜಮಾನ ಸ್ಯಾಮ್ ಫಿಲಿಪ್ಸ್ ಮುಂದೆ ನುಡಿಸಲು ಹೋದಾಗ ಕರ್ನೋಡಲ್‌ಗೆ ಕೈಕಾಲು ನಡುಕ ಬಂತು. ಗಿಟಾರ್ ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಹೋದ. ಉಳಿದ ಇಬ್ಬರು ‘ಟೆನೆಸಿ ಟೂ’ ಆದರು. ಫಿಲಿಪ್ಸ್‌ಗೆ ಆ ಬರಿದಾದ ಸದ್ದೇ ಹಿಡಿಸಿತು. 1955ರಲ್ಲಿ ಮೊದಲ ರೆಕಾರ್ಡ್ ಬಂತು, ಮುಂದಿನ ವರ್ಷ ‘ಐ ವಾಕ್ ದ ಲೈನ್’ ಬಂತು. ಡ್ರಮ್ ಇಲ್ಲ, ಪಿಟೀಲಿಲ್ಲ, ಸ್ಟೀಲಿಲ್ಲ. ಕ್ಯಾಶ್ ತನ್ನ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿಕೊಂಡು ಡ್ರಮ್ಮಿನ ಹಾಗೆ ಚರಚರ ಅನ್ನಿಸುತ್ತಿದ್ದ. ಬಡವನ ಜಾಣತನ ಅಂದರೆ ಇದು.

ಆಮೇಲೆ ಆ ಸದ್ದೇ ಅವನ ವಿಳಾಸ ಆಯಿತು. 1963ರಲ್ಲಿ ‘ರಿಂಗ್ ಆಫ್ ಫೈರ್’ ಹಾಡಿಗೆ ಮೆಕ್ಸಿಕೋ ಕಡೆಯ ಥರ ತುತ್ತೂರಿ ತಂದ. ನೋಡಿ, ತುತ್ತೂರಿ ತಂದ, ಸ್ಟೀಲ್ ತರಲಿಲ್ಲ! ಜೈಲಿನ ರೆಕಾರ್ಡುಗಳಲ್ಲೂ ಇಲ್ಲ. 1994ರಲ್ಲಿ ಮುದುಕನಾಗಿ ಬರೀ ಒಂದು ಗಿಟಾರ್ ಇಟ್ಟುಕೊಂಡು ಹಾಡಿದನಲ್ಲ, ಅಲ್ಲೂ ಇಲ್ಲ. ಅಲ್ಲೊಂದು ಇಲ್ಲೊಂದು ಹಾಡಿನಲ್ಲಿ ಇಣುಕುವುದುಂಟು. ಆದರೆ ನಾನು ಕೇಳಿದಷ್ಟರಲ್ಲಿ, ಎಲ್‌ಪಿ ತುಂಬ ಸ್ಟೀಲಿಗೆ ಜಾಗ ಬಿಟ್ಟಿದ್ದು ಇದೊಂದರಲ್ಲೇ.

ಅದೂ ಎಂಥ ಹೊತ್ತಿನಲ್ಲಿ! 1950ರ ದಶಕದ ಕೊನೆಗೆ ಕಂಟ್ರಿ ಹಾಡಿನ ರಾಜಧಾನಿ ನ್ಯಾಶ್‌ವಿಲ್‌ನ ದೊಡ್ಡವರೆಲ್ಲ ಸ್ಟೀಲನ್ನೂ ಪಿಟೀಲನ್ನೂ ಹೊರಗೆ ಹಾಕುತ್ತಿದ್ದರು. ಪಟ್ಟಣದವರು ಹಳ್ಳಿ ಸದ್ದು ಅಂತ ಮೂಗು ಮುರೀತಾರೆ ಅನ್ನೋ ಹೆದರಿಕೆ. ಅದರ ಜಾಗಕ್ಕೆ ನಯವಾದ ವಯಲಿನ್ ಗುಂಪು, ಹಿಂದುಗಡೆ ‘ಊ ಊ’ ಅನ್ನೋ ಕೋರಸ್ಸು. ನಮ್ಮ ಫ್ರೇಜರ್ ಟೌನಿನ ಜಿಮ್ ರೀವ್ಸ್ ಮನೆಮನೆಗೆ ಬಂದಿದ್ದು ಆ ನಯದಿಂದಲೇ. ಎಲ್ಲರೂ ಸ್ಟೀಲ್ ಬಿಡುವಾಗ, ಯಾವತ್ತೂ ಇಟ್ಟುಕೊಳ್ಳದ ಕ್ಯಾಶ್ ಹೋಗಿ ಕರೆದುಕೊಂಡು ಬಂದ. ಕರೆದಿದ್ದೂ ಯಾರನ್ನ? ಡಾನ್ ಹೆಲ್ಮ್ಸ್‌ನನ್ನ.

ಹೆಲ್ಮ್ಸ್ ಅಂದರೆ ಕಂಟ್ರಿಯ ದೊಡ್ಡ ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ನ ಪಕ್ಕ ಕೂತು ಸ್ಟೀಲ್ ನುಡಿಸಿದವನು. ಹ್ಯಾಂಕ್ 1953ರ ಹೊಸವರ್ಷದ ದಿನ 29ನೇ ವಯಸ್ಸಿಗೇ ಹೋಗಿಬಿಟ್ಟ. ‘ಯುವರ್ ಚೀಟಿನ್ ಹಾರ್ಟ್’, ‘ಕೋಲ್ಡ್, ಕೋಲ್ಡ್ ಹಾರ್ಟ್’ ಹಾಡುಗಳಲ್ಲಿ ಸೂಜಿ ಚುಚ್ಚಿದ ಹಾಗೆ ಬರುವ ಸದ್ದು ಹೆಲ್ಮ್ಸ್‌ನದೇ. ಅವನ ವಾದ್ಯ ಗಿಬ್ಸನ್ ಕಂಪನಿಯ ಕನ್ಸೋಲ್ ಗ್ರ್ಯಾಂಡ್. ಎರಡು ಕುತ್ತಿಗೆ, ಒಂದೊಂದಕ್ಕೆ ಎಂಟು ತಂತಿ, ಪೆಡಲ್ ಇಲ್ಲ. 1954ರ ಹೊತ್ತಿಗೇ ಕಾಲಲ್ಲಿ ಪೆಡಲ್ ಒತ್ತಿ ತಂತಿ ಬಿಗಿ ಮಾಡುವ ಹೊಸ ಸ್ಟೀಲ್ ಜನಪ್ರಿಯ ಆಗಿತ್ತು. ಹೆಲ್ಮ್ಸ್ ಆ ಕಡೆ ಹೋಗಲಿಲ್ಲ, ಹಳೇ ಕೈಕಸುಬಿನಲ್ಲೇ ಉಳಿದ. ಮಾವನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿದ್ದು ನೋಡಬೇಕಿತ್ತು.

ಹನ್ನೆರಡೂ ಹಾಡು ಮುಗಿಸಿದ್ದು 1960ರ ಫೆಬ್ರವರಿ 15ರ ಒಂದೇ ದಿನದಲ್ಲಿ. ಕ್ಯಾಶ್‌ಗೆ 28 ತುಂಬಲು ಹನ್ನೊಂದು ದಿನ ಬಾಕಿ. ಪಿಟೀಲಿಗೆ ಗಾರ್ಡನ್ ಟೆರಿ, ಡ್ರಮ್ಮಿಗೆ ಬಡ್ಡಿ ಹಾರ್ಮನ್, ಪಿಯಾನೋಗೆ ಫ್ಲಾಯ್ಡ್ ಕ್ರೇಮರ್. ಈ ಕ್ರೇಮರ್ ಪಿಯಾನೋದಲ್ಲೂ ಸ್ವರ ಜಾರಿಸಿದ ಹಾಗೆ ಕೇಳಿಸುವ ಪುಣ್ಯಾತ್ಮ. ಅದೇ ವರ್ಷ ‘ಲಾಸ್ಟ್ ಡೇಟ್’ ಅಂತ ಒಂದು ಟ್ಯೂನಿನಿಂದ ಹೆಸರು ಮಾಡಿದ. ಒಂದು ಕೋಣೆಯಲ್ಲಿ ಜಾರುವವರು ಇಬ್ಬರು, ಜೊತೆಗೆ ಪಿಟೀಲು. ಲೂಥರ್ ಪರ್ಕಿನ್ಸ್ ಪಾಪ, ಎಲ್ಲೋ ಮೂಲೆಯಲ್ಲಿ ಟಕ್ ಟಕ್ ಅನ್ನುತ್ತಿರುತ್ತಾನೆ.

ಹಾಡುಗಳು ಎಲ್ಲವೂ ಬೇರೆಯವರವು. ಕ್ಯಾಶ್ ತನಗಿಷ್ಟವಾದ ಹಳೇ ಹಾಡುಗಳನ್ನು ಎತ್ತಿಕೊಂಡು ಹಾಡಿದ ರೆಕಾರ್ಡ್ ಇದು. ಜಾರ್ಜ್ ಜೋನ್ಸ್, ಮಾರ್ಟಿ ರಾಬಿನ್ಸ್, ಅರ್ನೆಸ್ಟ್ ಟಬ್, ಹ್ಯಾಂಕ್ ಥಾಂಪ್ಸನ್. ‘ಟೈಮ್ ಚೇಂಜಸ್ ಎವೆರಿಥಿಂಗ್’ ಬಾಬ್ ವಿಲ್ಸ್ ಗುಂಪಿನ ಟಾಮಿ ಡಂಕನ್ ಬರೆದದ್ದು. ಆ ಗುಂಪಿನಲ್ಲಿ ಲಿಯಾನ್ ಮಕಾಲಿಫ್ ಅಂತ ಸ್ಟೀಲಿನ ದೊಡ್ಡ ಕೈ ಇದ್ದ. ಅಂದರೆ ಈ ಹಾಡುಗಳು ಸ್ಟೀಲಿನ ಜೊತೆಯಲ್ಲೇ ಬೆಳೆದಂಥವು. ಅದನ್ನು ಬಿಟ್ಟು ಇವನ್ನು ಹಾಡಿದರೆ ಒಗ್ಗರಣೆ ಇಲ್ಲದ ಸಾರಿನ ಹಾಗೆ ಇರುತ್ತೆ ಅಂತ ಕ್ಯಾಶ್‌ಗೂ ಅನ್ನಿಸಿರಬೇಕು.

ಮೊದಲ ಹಾಡು ‘ಸೀಸನ್ಸ್ ಆಫ್ ಮೈ ಹಾರ್ಟ್’. ಮೂರು ಸಲ ಕೇಳಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಕ್ಯಾಶ್ ಇಲ್ಲಿ ಹಗುರಾಗಿದ್ದಾನೆ. ಫೋಲ್ಸಂ ರೆಕಾರ್ಡಿನಲ್ಲಿ ಒಂದೊಂದು ಮಾತನ್ನೂ ಕಲ್ಲು ಇಟ್ಟ ಹಾಗೆ ಇಡುತ್ತಾನೆ, ಯಾಕಂದರೆ ಹಿಂದೆ ಆಧಾರ ಇಲ್ಲ. ಮಾತು ನಿಂತ ಕಡೆ ಮೌನ ಇರುತ್ತೆ, ಆ ಮೌನವನ್ನೂ ಅವನೇ ಹೊರಬೇಕು. ಇಲ್ಲಿ ಹಾಗಲ್ಲ. ಅವನು ಸಾಲು ಬಿಟ್ಟ ಕೂಡಲೇ ಹೆಲ್ಮ್ಸ್ ಎತ್ತಿಕೊಳ್ಳುತ್ತಾನೆ. ಅಳುವ ಕೆಲಸ ಹೆಲ್ಮ್ಸ್ ವಹಿಸಿಕೊಂಡಿದ್ದಾನೆ, ಹಾಗಾಗಿ ಕ್ಯಾಶ್ ಸುಮ್ನೆ ಹಾಡಿಕೊಂಡು ಹೋಗಬಹುದು. ‘ಮೈ ಶೂಸ್ ಕೀಪ್ ವಾಕಿಂಗ್ ಬ್ಯಾಕ್ ಟು ಯೂ’ದಲ್ಲಂತೂ ನಿಜವಾಗಿ ನಡೆದುಕೊಂಡು ಹೋಗುವವನ ಹಾಗೆ ಹಾಡುತ್ತಾನೆ. ಎಷ್ಟು ಬೇಡ ಅಂದರೂ ಕಾಲಿನ ಶೂ ಅವಳ ಮನೆ ಕಡೆಗೇ ತಿರುಗುತ್ತಂತೆ.

ಇದು ಒಳ್ಳೆಯದೋ ಕೆಟ್ಟದ್ದೋ? ನನ್ನ ಪ್ರಕಾರ ಎರಡೂ. ಇಲ್ಲಿ ಒಬ್ಬ ಒಳ್ಳೇ ಕಂಟ್ರಿ ಹಾಡುಗಾರ ಇದ್ದಾನೆ. ಆದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಡಿಸಿದನಲ್ಲ, ಆ ಮನುಷ್ಯ ಕಮ್ಮಿ. ‘ಐ ಫೀಲ್ ಬೆಟರ್ ಆಲ್ ಓವರ್’ ಬಂತು, ಹೋಯ್ತು, ನೆನಪಿನಲ್ಲಿ ಏನೂ ಉಳಿಯಲಿಲ್ಲ. ‘ಜಸ್ಟ್ ಒನ್ ಮೋರ್’ ಕುಡುಕನ ಹಾಡು, ಇನ್ನೊಂದೇ ಒಂದು ಅಂತ ಗೋಗರೆಯೋದು. ಅದನ್ನು ಜಾರ್ಜ್ ಜೋನ್ಸ್ ಬಾಯಲ್ಲೇ ಕೇಳಬೇಕು. ಕ್ಯಾಶ್ ಹಾಡಿದರೆ ಬಿಲ್ ಕೊಡಿ ಅಂತ ಕೇಳಿದ ಹಾಗಿದೆ.

ಎರಡನೇ ಪಕ್ಕದ ಮೊದಲ ಹಾಡು ‘ಟ್ರಾನ್ಸ್‌ಫ್ಯೂಷನ್ ಬ್ಲೂಸ್’ ಮಾತ್ರ ಬೇರೆ ಜಾತಿ. ಇದು ‘ಕೊಕೇನ್ ಬ್ಲೂಸ್’ ಅನ್ನೋ ಹಳೇ ಹಾಡು. ಕೊಕೇನ್ ಅನ್ನೋ ಕಡೆ ‘ರಕ್ತ ಹಾಕಿಸಿಕೊಂಡೆ’ ಅನ್ನೋ ಅರ್ಥದ ಮಾತು ಸೇರಿಸಿದ್ದಾರೆ. ಹಾಡಿನಲ್ಲಿ ತನ್ನವಳನ್ನು ಗುಂಡು ಹೊಡೆದು ಕೊಲ್ಲಬಹುದು, ಪುಡಿ ಮೂಸಬಾರದು. ಅದು ಆ ಕಾಲದ ಮಡಿ. ಎಂಟು ವರ್ಷದ ಮೇಲೆ ಫೋಲ್ಸಂ ಜೈಲಿನಲ್ಲಿ ಅದೇ ಹಾಡನ್ನು ನಿಜವಾದ ಮಾತಿನಲ್ಲೇ ಹಾಡಿದ, ಕೈದಿಗಳು ಕಿರುಚಿದರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಈ ರೆಕಾರ್ಡಿನಲ್ಲಿ ಕಥೆ ಹೇಳುತ್ತಾನೆ, ಅಲ್ಲಿ ತಾನೇ ತಪ್ಪಿಸಿಕೊಂಡು ಓಡುತ್ತಿರುವ ಹಾಗಿರುತ್ತಾನೆ.

ಕಾಸು ವಸೂಲಾಗೋದು ನಾಲ್ಕನೆಯದರಲ್ಲಿ. ‘ಐಯಾಮ್ ಸೋ ಲೋನ್ಸಮ್ ಐ ಕುಡ್ ಕ್ರೈ’. ಹ್ಯಾಂಕ್ ವಿಲಿಯಮ್ಸ್ ಬರೆದು 1949ರಲ್ಲಿ ಹಾಡಿದ್ದು. ಹೆಲ್ಮ್ಸ್ ಹ್ಯಾಂಕ್‌ನ ಜೊತೆಗಾರ, ಹಾಗಾದರೆ ಮೂಲದಲ್ಲೂ ಅವನೇ ನುಡಿಸಿರಬೇಕು ಅಂತ ನಾನು ಅಂದುಕೊಂಡಿದ್ದೆ. ಅಲ್ಲ! ಆ ದಿನ ಸಿನ್ಸಿನಾಟಿ ಊರಿನ ಸ್ಟುಡಿಯೋದಲ್ಲಿ ನುಡಿಸಿದ್ದು ಜೆರ್ರಿ ಬರ್ಡ್ ಅನ್ನೋ ಇನ್ನೊಬ್ಬ ಘಟಾನುಘಟಿ. ಅಂದರೆ ಹ್ಯಾಂಕ್ ಸತ್ತು ಏಳು ವರ್ಷ ಆದ ಮೇಲೆ, ಅವನ ಅತಿ ದುಃಖದ ಹಾಡಿಗೆ ಅವನ ಗೆಳೆಯ ಈ ರೆಕಾರ್ಡಿನಲ್ಲಿ ಸ್ಟೀಲ್ ಹಿಡಿದಿದ್ದಾನೆ. ಹಾಡುತ್ತಿರುವವನು ಬೇರೆ. ಬರ್ಡ್‌ನದು ತುಪ್ಪ ಜಾರಿದ ಹಾಗೆ, ದುಂಡಗೆ, ಮೆತ್ತಗೆ. ಹೆಲ್ಮ್ಸ್‌ನದು ಎತ್ತರ, ಚೂಪು. ಕ್ಯಾಶ್ ಬಾವಿಯ ತಳದಲ್ಲಿ ನಿಂತು ಹಾಡುವಾಗ ಹೆಲ್ಮ್ಸ್ ಬಾವಿಯ ಕಟ್ಟೆ ಮೇಲೆ ಕೂತಿರುತ್ತಾನೆ. ನಡುವೆ ಅಷ್ಟು ಜಾಗ ಖಾಲಿ. ಒಬ್ಬರು ಇನ್ನೊಬ್ಬರನ್ನು ಮುಟ್ಟುವುದೇ ಇಲ್ಲ.

ಕ್ಯಾಶ್ ಈ ಹಾಡನ್ನು 2002ರಲ್ಲಿ ಇನ್ನೊಮ್ಮೆ ಹಾಡಿದ, ಆಸ್ಟ್ರೇಲಿಯಾದ ಹಾಡುಗಾರ ನಿಕ್ ಕೇವ್ ಜೊತೆ, ತಾನು ಸಾಯುವ ಹಿಂದಿನ ವರ್ಷ. ದನಿ ಅಷ್ಟು ಹೊತ್ತಿಗೆ ಒಡೆದಿತ್ತು. ನನ್ನ ಮಗ ಅದೇ ಚೆನ್ನಾಗಿದೆ ಅನ್ನುತ್ತಾನೆ. ಅವನಿಗೆ ವಯಸ್ಸಾಗಲಿ.

ಈ ರೆಕಾರ್ಡನ್ನು ನಾನು ಚಾಮರಾಜಪೇಟೆಗೆ, ಮಾವನ ಮನೆಗೆ ಒಯ್ದೆ. ಅವರಿಗೀಗ 84. ಕೈ ಬೆರಳು ಸೊಟ್ಟಗಾಗಿವೆ, ಕಿವಿ ಪರವಾಗಿಲ್ಲ. ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟು ಆರು ತಿಂಗಳಾದರೂ ಬಾರದ ಒಂದು ಪ್ಲೇಯರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿದ್ದೆ. (ಆ ಗಿರಾಕಿ ಇದನ್ನು ಓದುತ್ತಿದ್ದರೆ, ಸಾರ್, ನಿಮ್ಮ ಪ್ಲೇಯರ್ ಕ್ಷೇಮವಾಗಿದೆ.) ಅತ್ತೆ ಕಾಫಿ ತಂದಿಟ್ಟರು. ಮಾವ ಮೊದಲ ಹಾಡು ಪೂರ್ತಿ ಕೇಳಿ, ಲೋಟ ಕೆಳಗಿಟ್ಟರು.

“ಇವನು ಹಾಡುಗಾರನ ಬಾಯಿ ನೋಡ್ಕೊಂಡು ನುಡಿಸ್ತಿದಾನೆ ಕಣೋ.”

“ಅಂದ್ರೆ ಏನು ಮಾವ?”

“ಬಾಯಿ ಮುಚ್ಚೋವರೆಗೂ ಕಾಯ್ತಾನೆ. ಮುಚ್ಚಿದ ತಕ್ಷಣ ಬರ್ತಾನೆ. ತೆರೆಯೋಷ್ಟರಲ್ಲಿ ಜಾಗ ಖಾಲಿ ಮಾಡಿರ್ತಾನೆ. ನಮ್ಮ ಆರ್ಕೆಸ್ಟ್ರಾದಲ್ಲಿ ನಂಗೆ ಇದನ್ನ ಕಲಿಯಕ್ಕೆ ಮೂರು ವರ್ಷ ಬೇಕಾಯ್ತು.”

ನನಗೆ ಜ್ಞಾಪಕ ಬಂತು. ಆರ್ಕೆಸ್ಟ್ರಾದ ಮುಖ್ಯ ಗಾಯಕ ರಾಜ್‌ಕುಮಾರ್ ಅವರ ಹಾಡು ಹೇಳುವಾಗ ಬೆನ್ನ ಹಿಂದೆ ಕೈ ಕಟ್ಟಿಕೊಳ್ಳುತ್ತಿದ್ದ. ಮಾವನ ಗಿಟಾರ್ ಸ್ವಲ್ಪ ಜಾಸ್ತಿ ಆದರೆ ಆ ಕೈಯ ಬೆರಳುಗಳು ಕೆಳಗೆ, ಕೆಳಗೆ ಅಂತ ಆಡುತ್ತಿದ್ದವು. ಜನಕ್ಕೆ ಕಾಣಿಸುತ್ತಿರಲಿಲ್ಲ, ವೇದಿಕೆ ಹಿಂದೆ ಕೂತ ನನಗೆ ಕಾಣಿಸುತ್ತಿತ್ತು. ನಾನೇ ಹೋಗಿ ಆಂಪ್ಲಿಫಯರಿನ ಗುಂಡಿ ತಿರುಗಿಸುತ್ತಿದ್ದೆ. ಗಾಯಕರಿಗೆ ಈ ವಾದ್ಯ ಕಂಡರೆ ಭಯ. ತಬಲ ಗಾಯಕನ ಜೊತೆ ನಡೆಯುತ್ತೆ. ಕೀಬೋರ್ಡ್ ಹಿಂದೆ ನಿಲ್ಲುತ್ತೆ. ಇದು ಮಾತ್ರ ಮನುಷ್ಯನ ಹಾಗೇ ಹಾಡುತ್ತೆ. ಪಕ್ಕದಲ್ಲಿ ಇನ್ನೊಬ್ಬ ಗಾಯಕನನ್ನು ನಿಲ್ಲಿಸಿಕೊಂಡ ಹಾಗೆ.

ಕ್ಯಾಶ್‌ನದು ದೊಡ್ಡ ದನಿ ಅನ್ನಬಹುದು, ತುಂಬ ಸುತ್ತಾಡುವ ದನಿ ಅಲ್ಲ. ನಾಲ್ಕೈದು ಸ್ವರದಲ್ಲೇ ಓಡಾಡಿಕೊಂಡಿರುತ್ತೆ. ಪಕ್ಕದಲ್ಲಿ ಹೆಲ್ಮ್ಸ್ ಒಂದು ಸಲ ಮೇಲಕ್ಕೆ ಜಾರಿದರೆ ಸಾಕು, ಕಿವಿ ಅವನ ಹಿಂದೆ ಹೋಗಿಬಿಡುತ್ತೆ. ಈ ರೆಕಾರ್ಡ್ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ. ಕರ್ನೋಡಲ್‌ಗೆ ಆ ದಿನ ಕೈ ನಡುಗದೇ ಹೋಗಿದ್ದರೆ, ನಾವು ಜಾನಿ ಕ್ಯಾಶ್‌ನನ್ನು ಹುಡುಕಿಕೊಂಡು ಚಿಕ್ಕಪೇಟೆಗೆ ಹೋಗುತ್ತಿರಲಿಲ್ಲ. ಇನ್ನೊಬ್ಬ ಒಳ್ಳೇ ಹಾಡುಗಾರ, ಚೆನ್ನಾಗಿದಾನೆ ಅಂದು ಮುಂದೆ ಹೋಗುತ್ತಿದ್ದೆವು.

ಮಾವ ಒಪ್ಪಲಿಲ್ಲ. “ನಿಂಗೆ ಸ್ಟೀಲ್ ಗಿಟಾರ್ ಅಂದ್ರೆ ಹೊಟ್ಟೆಕಿಚ್ಚು, ನನ್ನ ಆಂಪ್ಲಿಫಯರ್ ಹೊತ್ತೂ ಹೊತ್ತೂ” ಅಂದರು.

ಇನ್ನು ಗೀರಿನ ಕಥೆ. ಎರಡನೇ ಪಕ್ಕದ ಮೂರನೇ ಹಾಡು ‘ಐ ವಿಲ್ ಮಿಸ್ ಯೂ ವೆನ್ ಯೂ ಗೋ’, ಅದರ ಅರ್ಧದಲ್ಲಿ ಮುಳ್ಳು ಎಗರುತ್ತೆ. ಗೀರು ಆಳವಾಗಿದೆ, ಉಗುರಿಗೆ ಸಿಗುತ್ತೆ. ಉಗುರಿಗೆ ಸಿಗುವ ಗೀರು ತೊಳೆದರೆ ಹೋಗುವುದಿಲ್ಲ, ಯಾರು ಏನೇ ಹೇಳಲಿ. ಮಿಕ್ಕ ಕಡೆ ಇದ್ದಿದ್ದು ಬರೀ ಕೊಳೆ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ ಹಾಕಿ, ಮೆತ್ತನೆಯ ಬ್ರಷ್ಷಿನಲ್ಲಿ ಗೆರೆಯ ದಿಕ್ಕಿನಲ್ಲೇ ಒರೆಸಿದೆ. ಲೇಬಲ್ಲಿಗೆ ನೀರು ತಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ. ನೆರಳಲ್ಲಿ ನಿಲ್ಲಿಸಿ ಒಣಗಿಸಿದೆ, ಪಾತ್ರೆ ಸ್ಟ್ಯಾಂಡಿನಲ್ಲಿ. ಬೈಸಿಕೊಂಡೆ. ನಲ್ಲಿ ನೀರು ಬೇಡ ಸ್ವಾಮಿ, ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಗೆರೆಯೊಳಗೆ ಕೂತರೆ ಚಟಪಟ ಜಾಸ್ತಿ ಆಗುತ್ತೆ.

ಅಂಗಡಿಯಲ್ಲಿ ಕೇಳಿದ್ದು ಆಡಿಯೋ ಟೆಕ್ನಿಕಾ ವಿಎಂ95ಇ ಅನ್ನೋ ಕಾರ್ಟ್ರಿಡ್ಜಿನಲ್ಲಿ (ಮುಳ್ಳು ಕೂರುವ ಡಬ್ಬಿ), ರೆಕಾರ್ಡಿನ ಮೇಲೆ ಮುಳ್ಳಿನ ಭಾರ 2 ಗ್ರಾಂ. ಹಳೇ ಸೆರಾಮಿಕ್ ಮುಳ್ಳಿನ ಡಬ್ಬಿ ಪ್ಲೇಯರಿನಲ್ಲಿ ಇಂಥ ರೆಕಾರ್ಡ್ ಹಾಕಬೇಡಿ, ಅದು ನುಡಿಸೋದಿಲ್ಲ, ಉಳುಮೆ ಮಾಡುತ್ತೆ. ಆಂಪ್ಲಿಫಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ. ಅರ್ಧ ಚಟಪಟ ಅಲ್ಲೇ ಸಾಯುತ್ತೆ. ಟ್ರೆಬಲ್ ಒಂದು ಗೆರೆ ಇಳಿಸಿ. ಹೆಲ್ಮ್ಸ್ ತಾನೇ ಚೂಪು, ನೀವು ಇನ್ನೂ ಚೂಪು ಮಾಡಿದರೆ ಪಕ್ಕದ ಮನೆ ನಾಯಿ ಬೊಗಳುತ್ತೆ. ನಮ್ಮ ಗಲ್ಲಿಯಲ್ಲಿ ಬೊಗಳಿತು.

ಮೊಬೈಲಿನಲ್ಲೂ ಈ ಹಾಡುಗಳು ಸಿಗುತ್ತವೆ. ಕೇಳಿ, ಪಾಪ ಏನಿಲ್ಲ. ಆದರೆ ಮೊಬೈಲ್ ಸ್ಪೀಕರಿನಲ್ಲಿ ಬೇಡ. ಮಾರ್ಷಲ್ ಗ್ರಾಂಟ್‌ನ ಬಾಸ್ ಅದರಲ್ಲಿ ಬರುವುದೇ ಇಲ್ಲ. ಕೆಳಗಿನ ನೆಲ ಹೋದರೆ ಮೇಲಿನ ಸ್ಟೀಲು ಗಾಳಿಯಲ್ಲಿ ನೇತಾಡುತ್ತೆ. ಒಂದು ಇಯರ್‌ಫೋನ್ ಆದರೂ ಹಾಕಿಕೊಳ್ಳಿ. ಇಡೀ ಎಲ್‌ಪಿ ಅರ್ಧ ಗಂಟೆಯೂ ಇಲ್ಲ. ಮೆಜೆಸ್ಟಿಕ್‌ನಿಂದ ಸಿಲ್ಕ್ ಬೋರ್ಡ್ ತಲುಪೋ ಹೊತ್ತಿಗೆ ಎರಡು ಸಲ ಕೇಳಬಹುದು, ಮಳೆ ಬಂದರೆ ನಾಲ್ಕು ಸಲ.

ಹೊಸದಾಗಿ ಕ್ಯಾಶ್ ಕೇಳುವವರು ಇದರಿಂದ ಶುರು ಮಾಡಬೇಡಿ. ಫೋಲ್ಸಂ ಕೇಳಿ, ಸನ್ ಕಂಪನಿಯ ಹಳೇ ಹಾಡು ಕೇಳಿ. ಒಂದು ಆರು ತಿಂಗಳು ಆ ಒಣಗಿದ ಟಕ್ ಟಕ್ ಸದ್ದಿಗೆ ಕಿವಿ ಒಗ್ಗಲಿ. ಆಮೇಲೆ ಇದಕ್ಕೆ ಬನ್ನಿ. ಆಗ ಮೊದಲ ಸಲ ಸ್ಟೀಲ್ ಜಾರಿದಾಗ, ಬೇಸಿಗೆಯಲ್ಲಿ ಬಾಗಿಲು ತೆಗೆದ ಹಾಗೆ ಆಗುತ್ತೆ. ಕ್ಯಾಶ್‌ಗಾಗಿ ತಗೊಂಡರೆ ಐದಕ್ಕೆ ಮೂರು. ಡಾನ್ ಹೆಲ್ಮ್ಸ್‌ಗಾಗಿ ತಗೊಂಡರೆ ಐದಕ್ಕೆ ಐದು, ಇಲಿ ತಿಂದ ಮೂಲೆ ಸಮೇತ. ಬೆಲೆ 1,400 ಜಾಸ್ತಿಯೇ. ಗೀರು ನೋಡಿದ್ದರೆ ಎಂಟುನೂರಕ್ಕೆ ಇಳಿಸುತ್ತಿದ್ದೆ. ರೆಕಾರ್ಡನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಇದನ್ನು ಗಿರಾಕಿಗಳಿಗೆ ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ನಾನೇ ನೋಡಲಿಲ್ಲ.

ಆ ದಿನ ಮಾವನ ಮನೆಯಿಂದ ಹೊರಡುವ ಮೊದಲು ‘ಐ ವಾಕ್ ದ ಲೈನ್’ ಹಾಕಿದ್ದೆ, ಮೊಬೈಲಿನಿಂದ ಪ್ಲೇಯರಿನ ಸ್ಪೀಕರಿಗೆ ವೈರ್ ಎಳೆದು. ಒಂದೊಂದು ಚರಣಕ್ಕೂ ಮೊದಲು ಕ್ಯಾಶ್ ‘ಹ್ಮ್’ ಅಂತ ಗುನುಗುತ್ತಾನಲ್ಲ, ಮಾವ ತಕ್ಷಣ ಬೆರಳು ಎತ್ತಿ “ಶ್ರುತಿ ಹಿಡೀತಿದಾನೆ ನೋಡು, ಮನೆ ಬದಲಾಯಿಸ್ತಾನೆ” ಅಂದರು. ಹೌದು, ಆ ಹಾಡಿನಲ್ಲಿ ಚರಣಕ್ಕೊಂದು ಶ್ರುತಿ. ಕೊನೆಯ ಚರಣ ಮೊದಲನೆಯದಕ್ಕಿಂತ ಒಂದು ಸ್ಥಾಯಿ ಕೆಳಗೆ ಇಳಿಯುತ್ತೆ. ಹಾಡು ನಡೆಯುತ್ತಾ ಇದ್ದ ಹಾಗೆ ಮಾವನ ಎಡಗೈ ತೊಡೆಯ ಮೇಲೆ ಬಂತು. ಉಕ್ಕಿನ ತುಂಡು ಹಿಡಿದ ಹಾಗೆ ಬೆರಳು ಮಡಚಿಕೊಂಡಿದ್ದವು. ಸಾಲು ಮುಗಿದಾಗಲೆಲ್ಲ ಕೈ ಸ್ವಲ್ಪ ಮೇಲೇಳುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಎರಡು ಚರಣ ಹೀಗೇ ಆಯಿತು. ಮೂರನೆಯದರಲ್ಲಿ ಕೈ ತೆಗೆದು ಕಾಫಿ ಲೋಟಕ್ಕೆ ಹಾಕಿದರು.

“ಇಲ್ಲಿ ನಂಗೆ ಕೆಲಸ ಇಲ್ಲ ಬಿಡು. ಆ ಇನ್ನೊಂದನ್ನೇ ಹಾಕು.”

ರೆಕಾರ್ಡೂ ಪ್ಲೇಯರೂ ಎರಡೂ ಇನ್ನೂ ಅಲ್ಲೇ ಇವೆ. ಮೂರನೇ ಹಾಡಿಗೆ ಮುಳ್ಳು ಎಗರುವ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಒಂದು ಬೆರಳಿನಲ್ಲಿ ತಳ್ಳುತ್ತಾರಂತೆ. ಅತ್ತೆ ಫೋನಿನಲ್ಲಿ ಹೇಳಿದರು. ನಾನು ಮುಂದಿನ ಭಾನುವಾರ ಇನ್ನೊಂದು ಕಾಪಿ ಹುಡುಕಲು ಹೋಗಬೇಕು.